ಬಾಡಿಸಿದ ಪೈರು

"ಮುಟ್ಬೇಡಿ! ಸತ್ತೋಗ್ತಾವೆ!"

ಬೆಚ್ಚಿಬಿದ್ದ ಕದಿರಮ್ಮ ಗಾಜಿನ ತಟ್ಟೆಯಿಂದ ಕೈ ತೆಗೆದಳು.

1994ರ ಆಷಾಢ. ಚಿನ್ನದ ಗಣಿಗಳ ಊರಾದ ಉರಿಗಾಂನ ಪುಟ್ಟ ಸಂಶೋಧನಾ ಲ್ಯಾಬಿನಲ್ಲಿ ಅವಳಿಗೆ ಅದು ಕೆಲಸದ ಮೊದಲ ದಿನ. ಕೂಗಿದವನು ಮುನಿರಾಜು. ಎಂಟು ವರ್ಷ ಗಣಿಯೊಳಗೆ ದುಡಿದು, ಆಮೇಲೆ ಇಲ್ಲಿ ಸಹಾಯಕನಾಗಿ ಸೇರಿದವನು.

"ಮುಟ್ಟದಿದ್ರೂ ಅಷ್ಟೇ..." ಕೆಮ್ಮಿ, ಮೆತ್ತಗಾದ. "ಮೂಳೆಮಜ್ಜೆಯ ಕಾಂಡಕೋಶಗಳು ಇವು. ಇಲ್ಲಿ ಸುಖವಾಗಿ ಬೆಳೀತಾವೆ. ಕಾಯಿಲೆ ಬಿದ್ದ ಇಲಿ ಮೈಗೆ ಸೇರಿಸಿದ್ರೆ ನೂರಕ್ಕೆ ಹತ್ತೂ ಉಳಿಯಲ್ಲ."

ಬಂಗಾರಪೇಟೆ ಪಕ್ಕದ ಹಳ್ಳಿಯ ರೈತನ ಮಗಳು ಕದಿರಮ್ಮ ನಕ್ಕೇಬಿಟ್ಟಳು.

"ಸುಖ ಜಾಸ್ತಿ ಆಗೈತೆ ಸಾರ್! ನಾವು ರಾಗಿ ಪೈರು ಕಿತ್ತು ನೆಡೋಕೆ ನಾಕು ದಿನ ಮುಂಚೆ ಸಸಿ ಬೆಳ್ಸೋ ಒಟ್ಲಿಗೆ ನೀರು ನಿಲ್ಸಿ ಬಾಡಿಸ್ತೀವಿ. ಬಾಡಿದ್ ಪೈರೇ ಒಲದಲ್ಲಿ ಬದುಕೋದು."

ಈ ಮಾತು ಕೇಳಿ ಲ್ಯಾಬಿನ ದೊಡ್ಡ ಡಾಕ್ಟರು ಕೋಶಗಳನ್ನೂ ಹಾಗೇ ಬಾಡಿಸಿ ನೋಡಲು ಒಪ್ಪಿದರು. ಕೋಶಗಳಿಗೆ ಒಂದು ದಿನ ಆಮ್ಲಜನಕ ಕಡಿಮೆ ಮಾಡಿ, ಆಮೇಲೆ ಇಲಿಗೆ ಕೊಟ್ಟು ನೋಡಿದರು. ನೂರಕ್ಕೆ ನಲವತ್ತು ಕೋಶ ಉಳಿದವು!

ಅಂದು ಮುನಿರಾಜು ನೋಡಿದ ನೋಟ ಕದಿರಮ್ಮನ ಎದೆಯಲ್ಲಿ ಕೂತೇಬಿಟ್ಟಿತು. ದಿನಾ ಸಂಜೆ ಅವಳನ್ನು ರೈಲು ಹತ್ತಿಸುವುದು ಅವನ ಕೆಲಸವಾಯಿತು.

ದೀಪಾವಳಿ ಕಳೆದದ್ದೇ ತಡ, ಅವನು ಬದಲಾದ. ಮೊದಲು ಸ್ಟೇಷನ್ನಿಗೆ ಬರುವುದು ನಿಂತಿತು. ಆಮೇಲೆ ಮಾತು. ಕೊನೆಗೆ ಮುಖ ಕೊಟ್ಟು ನೋಡುವುದೂ ಇಲ್ಲ.

'ನನ್ನ ಉಪಾಯ ಬೇಕಿತ್ತು, ಸಿಕ್ಕಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗ್ಯಾಕೆ...' ಪಾಪ, ಹಾಗಂದುಕೊಂಡೇ ದಿನಾ ಅತ್ತಳು.

ಒಂದು ಮಧ್ಯಾಹ್ನ ಅವನ ಟೇಬಲಿನ ಮೇಲೆ ಅವನದೇ ಹೆಸರಿನ ಎಕ್ಸ್‌ರೇ ಸಿಕ್ಕಿತು. ದೊಡ್ಡ ಡಾಕ್ಟರನ್ನು ಕೇಳಿದಳು.

"ಗಣಿಯ ಧೂಳು ಕಣಮ್ಮ, ಎರಡೂ ಶ್ವಾಸಕೋಶದಲ್ಲಿ ತುಂಬಿದೆ. ಎರಡು ವರ್ಷ ಇದ್ದರೆ ಹೆಚ್ಚು."

ನಂದಿದುರ್ಗ ಗಣಿಯ ಕಾರ್ಮಿಕರ ಸಾಲಿನಲ್ಲಿದ್ದ ಅವನ ಲೈನ್‌ಮನೆಗೆ ಓಡಿದಳು. ಬಾಗಿಲ ಮುಂದಿನ ಕಲ್ಲಿನ ಮೇಲೆ ಅವನು ಕೆಮ್ಮುತ್ತ ಕೂತಿದ್ದ.

"ಯಾಕೆ ಹೇಳ್ಲಿಲ್ಲ?"

"ನೀನೇ ಕಲಿಸಿದ್ದಲ್ವಾ ಕದಿರಾ... ನಾನಿಲ್ದೇ ಇರೋದು ಈಗ್ಲಿಂದ್ಲೇ ಅಭ್ಯಾಸ ಆಗ್ಲಿ ಅಂತ ಸ್ವಲ್ಪಸ್ವಲ್ಪವೇ ದೂರ ಆದೆ. ಬಾಡಿದ್ರೆ, ಆಮೇಲೆ ಬದುಕ್ತೀಯ ಅಂತ..."

ಅವಳಿಗೆ ಅಳು ಒತ್ತರಿಸಿ ಬಂತು. ಜೊತೆಗೆ ಸಿಟ್ಟೂ!

"ಅರ್ಧ ಬೇಸಾಯ ಕಲ್ತಿದೀಯ! ಬಾಡ್ಸೋದು ಕಿತ್ತು ನೆಡೋಕೆ ಕಣೋ. ಬಾಡ್ಸಿ ಒಟ್ಲಲ್ಲೇ ಬಿಟ್ರೆ ಒಣಗೋಗ್ತದೆ... ನನ್ನ ಕಿತ್ತು ತಂದು ನಿನ್ನ ಮನೇಲಿ ಯಾಕೆ ನೆಡ್ಲಿಲ್ಲ?"

ಅವನ ಕಣ್ಣು ತುಂಬಿತು.

"ಎರಡೇ ವರ್ಷ, ಕದಿರಾ."

"ರಾಗಿಗೆ ನಾಕೇ ತಿಂಗ್ಳು. ಅದಕ್ಕೆ ಯಾರಾದ್ರೂ ನೆಡೋದು ಬಿಟ್ಟವ್ರಾ?"

ಮುನಿರಾಜು ಕಲ್ಲಿನ ಮೇಲೆ ಸ್ವಲ್ಪ ಸರಿದು ಜಾಗ ಬಿಟ್ಟ. ಅವಳು ಕೂತಳು. ದೂರದಲ್ಲಿ ಸಂಜೆಯ ರೈಲು ಕೂಗಿತು.

"ರೈಲು ತಪ್ಪೋಗ್ತದೆ..."

"ತಪ್ಲಿ ಬಿಡು," ಎಂದು ಅವನ ಭುಜಕ್ಕೆ ಒರಗಿದಳು.