ಐದರಲ್ಲೇ ನಿಂತ ಮುಳ್ಳು

“ದೊಡ್ಡೋನು ಹೋದ. ಚಿಕ್ಕೋನನ್ನಾದ್ರೂ ಉಳಿಸ್ಕೊಡಿ ಅಣ್ಣಾ,” ಎಂದು ಆ ತಾಯಿ ನಮ್ಮ ಹೊಸ್ತಿಲಲ್ಲೇ ಕುಸಿದಳು. ನಮ್ಮ ಮಾವ ನಿವೃತ್ತ ಮೀಟರ್ ಮೆಕ್ಯಾನಿಕ್. ಊರವರ ತಲೆನೋವೆಲ್ಲ ಅವರಿಗೇ ಬೇಕು, ಚೀಲ ಹೊರುವ ಕರ್ಮ ಮಾತ್ರ ನನ್ನದು.

ಕಾರ್ಖಾನೆಯಲ್ಲಿ ಗಾಳಿಯ ಪೈಪು ಸಿಡಿದು, ಬಣ್ಣ ಹೊಡೆಯುತ್ತಿದ್ದ ಅವಳ ದೊಡ್ಡ ಮಗ ಸತ್ತಿದ್ದ. ಪೈಪಿಗೆ ಗಾಳಿ ತುಂಬುವ ಕಂಪ್ರೆಸರ್ ನೋಡಿಕೊಳ್ಳುತ್ತಿದ್ದ ತಮ್ಮ ಲಾಕಪ್ಪಿನಲ್ಲಿದ್ದ. ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಕೆಡಿಸಿ, ಒತ್ತಡ ಏರಿಸಿ ಅಣ್ಣನನ್ನು ಕೊಂದನೆಂದು ಪೊಲೀಸರ ವಾದ. ಅವನೋ, ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

“ಬೆಳಿಗ್ಗೆ ಜಗಳ ಆಡಿದ್ರಂತಲ್ಲ?” ಮಾವ ಕೇಳಿದರು.

“ಗಾಳಿ ಸಾಲಲ್ಲ, ಜಾಸ್ತಿ ಬಿಡೋ ಅಂತ ದೊಡ್ಡೋನು. ಒತ್ತಡ ಏಳು ದಾಟಿಸಲ್ಲ ಅಂತ ಇವನು. ಅಷ್ಟೇ ಅಣ್ಣಾ.”

ಕಂಪ್ರೆಸರ್ ಕೋಣೆಯಲ್ಲಿ ಎಣ್ಣೆಯ ಕಮಟು. ಪಕ್ಕದ ಬಣ್ಣದ ಕೋಣೆಯ ನೆಲವನ್ನು ಆಗಲೇ ತೊಳೆದಿದ್ದರು.

“ಟ್ಯಾಂಕ್ ಖಾಲಿ, ಆದ್ರೂ ಮೀಟರ್ ಮುಳ್ಳು ಐದರಲ್ಲೇ ಇದೆ. ಸೆನ್ಸರ್ ಕೆಡಿಸಿದಾನೆ ಅನ್ನೋಕೆ ಇನ್ನೇನ್ರೀ ಬೇಕು?” ಎಂದ ಮಾಲೀಕ.

ಮಾವ ಬಗ್ಗಿ ನೋಡಿದರು. ಟ್ಯಾಂಕಿನಿಂದ ಸೆನ್ಸರಿಗೆ ಹೋಗುವ ಸಣ್ಣ ಪೈಪಿನಲ್ಲಿ ಒಂದು ಪುಟ್ಟ ನಲ್ಲಿಯಿತ್ತು. ಅದರ ಹಿಡಿಯ ಮೇಲೆ ಹಸಿರು ಕಲೆ. ನಾನು ಕೈ ಚಾಚಿದೆ. “ಮುಟ್ಟಬೇಡ ಮಾರಾಯ!” ಎಂದು ಗದರಿ, ಅದನ್ನು ಜೊತೆಗಿದ್ದ ಇನ್‌ಸ್ಪೆಕ್ಟರಿಗೆ ತೋರಿಸಿದರು.

ಎರಡು ದಿನದ ಮೇಲೆ ಇನ್‌ಸ್ಪೆಕ್ಟರ್ ತಾಯಿ, ತಮ್ಮ, ಮಾಲೀಕ ಎಲ್ಲರನ್ನೂ ಅಲ್ಲೇ ಸೇರಿಸಿದರು. ಮಾವ ನಲ್ಲಿ ತಿರುಗಿಸಿದರು. ಪುಸ್ಸೆಂದಿತು, ಮುಳ್ಳು ಸೊನ್ನೆಗೆ ಬಿತ್ತು.

“ಸೆನ್ಸರ್ ಕೆಟ್ಟೇ ಇಲ್ಲ. ಒತ್ತಡ ಐದಿದ್ದಾಗ ಯಾರೋ ನಲ್ಲಿ ಮುಚ್ಚಿದ್ರು. ಒಳಗೆ ಸಿಕ್ಕೊಂಡ ಗಾಳಿ ಐದು ಅಂತ್ಲೇ ಹೇಳ್ತಾ ಇತ್ತು. ಏಳಕ್ಕೆ ನಿಲ್ಲಬೇಕಾದ ಮೆಷಿನ್ನು ನಂಬಿಕೊಂಡು ತುಂಬಿಸ್ತಾನೇ ಹೋಯ್ತು.”

“ಒತ್ತಡ ಹೆಚ್ಚಾದ್ರೆ ಸೇಫ್ಟಿ ವಾಲ್ವ್ ತೆರೀಬೇಕಿತ್ತಲ್ಲ?” ಇನ್‌ಸ್ಪೆಕ್ಟರ್ ಕೇಳಿದರು.

“ತುಕ್ಕು ಹಿಡಿದು ಕಚ್ಚಿಕೊಂಡಿದೆ. ಅದಕ್ಕೆ ಇವರು ಉತ್ತರ ಹೇಳಲಿ.” ಮಾಲೀಕ ತಲೆ ತಗ್ಗಿಸಿದ. “ಇನ್ನು ನಲ್ಲಿ. ಗಾಳಿ ಜಾಸ್ತಿ ಬೇಕಿದ್ದದ್ದು ಯಾರಿಗೆ? ಅವತ್ತು ಹಸಿರು ಬಣ್ಣ ಇದ್ದದ್ದು ಯಾರ ಕೈಯಲ್ಲಿ?”

“ಆ ಕಲೆಯಲ್ಲಿದ್ದ ಬೆರಳಚ್ಚು ಹೋಲಿಸಿದ್ವಿ,” ಎಂದರು ಇನ್‌ಸ್ಪೆಕ್ಟರ್ ಮೆಲ್ಲಗೆ. “ಸತ್ತವನದ್ದೇ.”

ತಾಯಿ ಕಿರಿಯನತ್ತ ತಿರುಗಿದಳು. “ನಿಂಗೊತ್ತಿತ್ತೇನೋ?”

“ನಲ್ಲಿ ಮೇಲೆ ಹಸಿರು ನೋಡಿದ್ದೆ ಅಮ್ಮಾ. ತನ್ನ ಕೈಯಾರೆ ಸತ್ತ ಅಂತ ನಿಂಗೆ ಹೆಂಗೆ ಹೇಳ್ಲಿ? ನನ್ನನ್ನ ಬೈಕೊಂಡಿದ್ರೆ ಅವನ ಮೇಲಾದ್ರೂ ನಿಂಗೆ ಸಿಟ್ಟಿರಲ್ಲ ಅಂದ್ಕೊಂಡೆ.”

ಆಕೆ ಅವನ ಕೆನ್ನೆಗೆ ಬಾರಿಸಿದಳು. ಆಮೇಲೆ ಅದೇ ಕೆನ್ನೆ ಸವರುತ್ತಾ ಅಂದಳು:

“ನಡಿ ಮನೆಗೆ. ಅಣ್ಣನ ಹಸಿರು ಮೆತ್ತಿದ ಬಟ್ಟೆಗಳು ಒಗೀದೆ ಹಂಗೇ ಬಿದ್ದಿವೆ. ಒಬ್ಬಳೇ ಮುಟ್ಟೋಕೆ ಆಗ್ತಿಲ್ಲ ಕಣೋ ನಂಗೆ.”