ಕರಿಬಸವನ ಪೆಟ್ಟಿಗೆ

ಇಪ್ಪತ್ತೆಂಟು ವರ್ಷಗಳ ಹಿಂದೆ ತೆಕ್ಕಲಕೋಟೆಯ ಒಂದು ಮದುವೆಯಲ್ಲಿ, ಹಾಡು ಅರ್ಧಕ್ಕೆ ಬಂದಿರುವಾಗ, ಆರ್ಕೆಸ್ಟ್ರಾದ ಯಜಮಾನ ಕರಿಬಸವ ಬಗ್ಗಿ, ರೇಡಿಯೊ ರಿಪೇರಿಯೂ ಕಲಿತಿದ್ದ ವಿಶ್ವಪ್ರಿಯನ ಬೇಸ್ ಗಿಟಾರಿನ ವೈರು ಕಿತ್ತುಬಿಟ್ಟಿದ್ದ. "ಆಚಾರ್ರ, ನೀವು ರಿಪೇರಿ ಮಾಡ್ರಿ. ಬಾರಿಸಾದು ನಮಗ ಬಿಡ್ರಿ" ಎಂದು ಮೈಕಿನ ಹತ್ತಿರವೇ ಹೇಳಿದ್ದ. ಬೀಗರೆಲ್ಲ ನಕ್ಕಿದ್ದರು. ಅಂದಿನಿಂದ ವಿಶ್ವಪ್ರಿಯ ನಾಲ್ಕು ಜನರ ಮುಂದೆ ಗಿಟಾರು ಮುಟ್ಟಿಲ್ಲ. ಅವನು ತಾಳ ತಪ್ಪಿದ್ದು ನಿಜವಾಗಿತ್ತು. ಸುಳ್ಳಾಗಿದ್ದರೆ ಎಂದೋ ಮರೆತುಬಿಡುತ್ತಿದ್ದ.

ಆ ಮಾತಿನಂತೆಯೇ ಅವನ ಬಾಳು ನಡೆಯಿತು. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಸಣ್ಣ ಅಂಗಡಿ, ಹಳೆಯ ರೇಡಿಯೊ, ಭಜನಾ ಮಂಡಳಿಯ ಮೈಕು, ಶಾಲೆಗಳ ಸ್ಪೀಕರು. ಆಚಾರ್ರು ಮುಟ್ಟಿದರೆ ಸತ್ತದ್ದೂ ಮಾತಾಡುತ್ತದೆ ಎಂಬ ಹೆಸರು. ಆ ಹೆಸರನ್ನು ಊರೂರಿಗೆ ಹಬ್ಬಿಸಿದವನು ಕರಿಬಸವನೇ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದ ಸಿಟ್ಟು ಕಡಿಮೆಯಾಗಲಿಲ್ಲ.

ಕರಿಬಸವ ತೀರಿಕೊಂಡು ವರ್ಷವಾಗುತ್ತ ಬಂದಾಗ ಅವನ ಹೆಂಡತಿ ದೊಡ್ಡಬಸಮ್ಮ ಸಿರುಗುಪ್ಪದಿಂದ ಫೋನು ಮಾಡಿದಳು. ಆರ್ಕೆಸ್ಟ್ರಾದ ಕಾಲದ ಎರಡು ಬೇಸ್ ಆಂಪ್ಲಿಫೈಯರು ಮನೆಯಲ್ಲಿವೆ, ಎರಡೂ ಬಲ್ಬಿನಂಥ ಗಾಜಿನ ವಾಲ್ವಿನವು, ಎರಡೂ ಕೆಟ್ಟಿವೆ. ಗಂಡ ಹುಟ್ಟಿದ ಕುರುಗೋಡಿನಲ್ಲಿ ವರ್ಷದ ದಿನ ಹಳೆಯ ಗೆಳೆಯರು ಸೇರಿ ಹಾಡುತ್ತಾರೆ. ಎರಡರಲ್ಲಿ ಒಂದನ್ನು ಆರಿಸಿ ಸರಿಮಾಡಿಕೊಡಬೇಕು. "ಯಾವುದನ್ನ ಮಾಡಬೇಕು ಅನ್ನಾದು ನೀವ ನೋಡ್ರಿ. ನಮಗೇನ ತಿಳಿತೈತ್ರಿ" ಎಂದಳು.

ಅಕ್ಕಿ ಗಿರಣಿಯ ತೌಡಿನ ವಾಸನೆ ತುಂಬಿದ ಆ ಓಣಿಯ ಮನೆಯಲ್ಲಿ, ಪಡಸಾಲೆಯ ಗೋಡೆಗೆ ಎರಡೂ ಪೆಟ್ಟಿಗೆಗಳು ಒರಗಿದ್ದವು. ಒಂದು ಮದ್ರಾಸಿನಲ್ಲಿ ಯಾರೋ ಜೋಡಿಸಿದ ಕಂದು ಬಣ್ಣದ್ದು. ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಇನ್ನೊಂದು ಕರಿಯದು. ಅದರ ಹಿಂದಿನ ಹಲಗೆ ಬಿಚ್ಚಿದ ವಿಶ್ವಪ್ರಿಯನ ಕೈ ಹಾಗೇ ನಿಂತಿತು. ಐವತ್ತು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಕಟ್ಟಿದ್ದು, ಇಟ್ಟಿಗೆಯಷ್ಟು ದಪ್ಪದ ಎರಡು ಟ್ರಾನ್ಸ್‌ಫಾರ್ಮರು, ಸಾಲಾಗಿ ನಾಲ್ಕು ದೊಡ್ಡ ವಾಲ್ವು. ಇಂಥದ್ದರ ಒಳಗನ್ನು ಅವನು ಪುಸ್ತಕದ ಚಿತ್ರದಲ್ಲಿ ಮಾತ್ರ ಕಂಡಿದ್ದ. ಸ್ವಿಚ್ಚು ಹಾಕಿದ. ವಾಲ್ವುಗಳು ಮೆಲ್ಲಗೆ ಕೆಂಪಾದವು, ಸ್ಪೀಕರು ಬರೀ ಕರಕರ ಎಂದಿತು. ಒಣಗಿದ ಮೂರು ಕೆಪಾಸಿಟರು ಬದಲಿಸಿದರೆ ಸಾಕು, ಎರಡು ದಿನದ ಕೆಲಸ.

ಮಾರುವ ಆಸೆ ಅವನಿಗೆ ಹುಟ್ಟಲಿಲ್ಲ. ಮಾರುವವನಾಗಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ. ಅಂದು ತನ್ನ ಬೆರಳಿನಿಂದ ಕಿತ್ತುಕೊಂಡ ಧ್ವನಿ ಈ ಕಬ್ಬಿಣದೊಳಗೆ ಇತ್ತು. ಅದನ್ನು ಮನೆಗೊಯ್ದು, ಬಾಗಿಲು ಹಾಕಿಕೊಂಡು, ಯಾರೂ ವೈರು ಕೀಳದ ಕೋಣೆಯಲ್ಲಿ ಸಾಯುವತನಕ ಬಾರಿಸಬೇಕು ಎನ್ನಿಸಿತು. ಐವತ್ತೆರಡರ ಗಂಡಸಿಗೆ ಬರಬಾರದ ಆಸೆ ಎಂದು ಅವನಿಗೇ ತಿಳಿದಿತ್ತು.

ಅಲ್ಲಿ ಕೂತೇ ಲೆಕ್ಕ ಹಾಕಿದ. ಮದ್ರಾಸಿನದನ್ನು ಆರಿಸಿದರೆ ಕರಿಯದು ಈ ಗೋಡೆಗೇ ಉಳಿಯುತ್ತದೆ. ಕರಿಯದು ಪೂರಾ ಸತ್ತಿದೆ, ಗುಜರಿಗೆ ಕೊಡಿ ಎಂದರೆ ದೊಡ್ಡಬಸಮ್ಮನ ತಮ್ಮ ಪರಶು ನೆನಪಿಗಿರಲಿ ಎಂದು ಹಟ ಹಿಡಿಯುತ್ತಾನೆ. ಕದ್ದೊಯ್ದರೆ ಕಳ್ಳತನ ಕಾಣುತ್ತದೆ. ಆದ್ದರಿಂದ ಕರಿಯದನ್ನೇ ಆರಿಸಬೇಕು, ಎಲ್ಲರೆದುರು ಒಯ್ಯಬೇಕು, ಎಲ್ಲರೆದುರು ವಾಪಸು ಕೊಡಬೇಕು. ಒಳಗಿನದು ಮಾತ್ರ ತನ್ನಲ್ಲಿ ಉಳಿಯಬೇಕು. ಪೆಟ್ಟಿಗೆ ಮನೆಗೆ ಬಂದಿರುವಾಗ ಕಳ್ಳತನವಾಗಿದೆ ಎಂದು ಯಾರು ಹೇಳುತ್ತಾರೆ?

"ಇದನ್ನ ಮಾಡ್ತೀನಮ್ಮಾ. ಇದರಾಗ ಜೀವ ಅದ" ಎಂದ.

ದೊಡ್ಡಬಸಮ್ಮನ ಮುಖ ಅರಳಿತು. "ಅವರಿಗೂ ಅದರ ಮ್ಯಾಲ ಜೀವ ಇತ್ರಿ. ಈಗ ಧ್ವನಿ ಬರಂಗಿಲ್ಲ. ಆದ್ರೂ ನಾ ದಿನಾ ಸಂಜಿಕ ಹಚ್ಚಿ ಇಡತೀನ್ರಿ."

ವಿಶ್ವಪ್ರಿಯನಿಗೆ ತಕ್ಷಣ ಅರ್ಥವಾಯಿತು. ಗಂಡನ ನೆನಪಿಗೆ ದೀಪದ ಹಾಗೆ ಹಚ್ಚುತ್ತಾಳೆ, ಪಾಪ. ಹಾಗಾದರೆ ಆ ಕೆಂಪು ಬೆಳಕು ಹಾಗೇ ಕಾಣಬೇಕು ಎಂದು ಮನಸ್ಸಿನಲ್ಲಿ ಗುರುತು ಹಾಕಿಕೊಂಡ. ಗುರುತು ಹಾಕಿಕೊಂಡ ಕ್ಷಣವೇ ತಲೆ ತಗ್ಗಿತು.

ಅವಳು ಒಳಗೆ ಹೋಗಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಲೆ, ಒಂದು ಸ್ಟೀಲಿನ ಪಾತ್ರೆ ತುಂಬ ಮೊಸರು ತಂದಿಟ್ಟಳು. ಪಾತ್ರೆ ಓರೆಯಾದರೂ ಮೊಸರು ಅಲುಗಲಿಲ್ಲ. "ರೊಟ್ಟಿ ಬ್ಯಾಡಂದ್ರ ಮೊಸರರ ತಿನ್ರಿ. ಈ ಮೊಸರಿಂದ ಒಂದು ಮಾತು ಹೇಳಬೇಕ್ರಿ ನಿಮಗ, ನಮ್ಮ ಮನಿಯವರು ಏನ್ಮಾಡತಿದ್ರು ಅಂದ್ರ…"

ದೋಚಲು ಬಂದ ಮನೆಯ ಅನ್ನ ಗಂಟಲಿಗಿಳಿಯುವುದು ಸಾಧ್ಯವಿರಲಿಲ್ಲ. ಅಷ್ಟಾದರೂ ಮಾನ ಅವನಲ್ಲಿ ಉಳಿದಿತ್ತು. "ಇವತ್ತು ಏಕಾದಶಿ ಅದಮ್ಮಾ. ನೀರೂ ಮುಟ್ಟಂಗಿಲ್ಲ" ಎಂದು ಎದ್ದುಬಿಟ್ಟ. ಅವಳು ಅರ್ಧ ಮಾತಿಗೇ ನಿಲ್ಲಿಸಿ, ತಪ್ಪಾಯಿತೆಂಬಂತೆ ಕೈಮುಗಿದು ತಟ್ಟೆಯ ಮೇಲೆ ಸೆರಗು ಮುಚ್ಚಿದಳು. ಅಂದು ಸಪ್ತಮಿ. ಪರಶು ಬಸ್ಸಿಗೆ ಹೇರಿಕೊಟ್ಟ ಪೆಟ್ಟಿಗೆಯೊಂದಿಗೆ ವಾಪಸು ಬರುವಾಗ ತೆಕ್ಕಲಕೋಟೆಯ ಬಸ್ ನಿಲ್ದಾಣದಲ್ಲಿ ವಿಶ್ವಪ್ರಿಯ ಎರಡು ಪ್ಲೇಟು ಮಂಡಕ್ಕಿ ಒಗ್ಗರಣೆ ಮಿರ್ಚಿ ತಿಂದ. ಆ ಮದುವೆ ನಡೆದ ಛತ್ರ ಎದುರಿಗೇ ಕಾಣುತ್ತಿತ್ತು.

ಕೆಲಸ ಮೂರು ವಾರ ಹಿಡಿಯಿತು. ಒಳಗಿನ ವಾಲ್ವು, ಟ್ರಾನ್ಸ್‌ಫಾರ್ಮರು ಎಲ್ಲವನ್ನೂ ಎತ್ತಿ, ಮನೆಯಲ್ಲಿ ತಾನೇ ಮಾಡಿದ ಸಾಗುವಾನಿ ಪೆಟ್ಟಿಗೆಗೆ ಕೂರಿಸಿದ. ಖಾಲಿಯಾದ ಕರಿಯ ಪೆಟ್ಟಿಗೆಯೊಳಗೆ ಅಂಗೈ ಅಗಲದ ಹೊಸ ಟ್ರಾನ್ಸಿಸ್ಟರು ಬೋರ್ಡು ಹಾಕಿದ. ತೂಕ ಕಡಿಮೆಯಾಗುತ್ತದಲ್ಲ, ಅದಕ್ಕೆ ಸಂಗನಕಲ್ಲಿನ ಹತ್ತಿರ ಕಲ್ಲು ಕೊಯ್ಯುವವರಿಂದ ಎರಡು ಕರಿ ತುಂಡು ತಂದು ತಳಕ್ಕೆ ಬಿಗಿದ. ಹತ್ತಿ ವ್ಯಾಪಾರಿಯ ತಕ್ಕಡಿಯಲ್ಲಿಟ್ಟರೆ ನೂರು ಗ್ರಾಮೂ ಆಚೀಚೆ ಇರಲಿಲ್ಲ. ಅಂಗಡಿಯಲ್ಲಿ ಬಿದ್ದಿದ್ದ, ಸುಟ್ಟುಹೋದ ನಾಲ್ಕು ಬೇರೆ ವಾಲ್ವು ನಿಲ್ಲಿಸಿ, ಹಿಂದೆ ಕೆಂಪು ಹಳದಿಯ ಸಣ್ಣ ಬಲ್ಬು ಇಟ್ಟ. ವಾಲ್ವಿನದು ಸ್ವಿಚ್ಚು ಹಾಕಿದ ಕೂಡಲೇ ಮಾತಾಡುವುದಿಲ್ಲ, ಅರ್ಧ ನಿಮಿಷ ಬೇಕು. ಅದಕ್ಕೂ ಒಂದು ಟೈಮರು. ಹಳೆಯ ಪೆಟ್ಟಿಗೆಯ ಸಣ್ಣ ಗುಂಯ್ ಶಬ್ದವನ್ನೂ ಬಿಡಲಿಲ್ಲ.

ಹೊರಗಿನ ಒಂದು ಗುರುತನ್ನೂ ಅಳಿಸಲಿಲ್ಲ. ಮೂಲೆಯಲ್ಲಿ ಬೀಡಿ ಸುಟ್ಟ ಕಲೆ ಇತ್ತು, ಇರಲಿ. ನೆತ್ತಿಯ ಮೇಲೆ ಪಾತ್ರೆಯ ತಳದಷ್ಟು ದುಂಡಗಿನ ಬಿಳಿಚು ಕಲೆ ಇತ್ತು. ಆರ್ಕೆಸ್ಟ್ರಾದವರು ಚಹಾದ ಕೆಟಲು ಇಡುತ್ತಿದ್ದರೇನೋ, ಅದೂ ಇರಲಿ. ಎಲ್ಲಕ್ಕಿಂತ ಅವನಿಗೆ ಹೆಮ್ಮೆ ಆ ಬೋರ್ಡಿನ ಮೇಲೆ. ದಿನವಿಡೀ ಬಾರಿಸಿದರೂ ಬೆಚ್ಚಗಾಗದ ಜಾಣ ಬೋರ್ಡು. ಬೆಚ್ಚಗಾಗದ್ದು ಕೆಡುವುದಿಲ್ಲ, ಕೆಡದ್ದನ್ನು ಯಾರೂ ಬಿಚ್ಚುವುದಿಲ್ಲ.

ಒಂದು ಎಚ್ಚರಿಕೆ ಉಳಿದಿತ್ತು. ಪೆಟ್ಟಿಗೆ ಸಿರುಗುಪ್ಪದ ಮನೆಗೆ ಮುಂಚೆಯೇ ಹೋಗಬಾರದು. ಅಲ್ಲಿ ಯಾರಾದರೂ ಬಿಡುವಾಗಿ ಕೂತು ಕೇಳಿದರೆ ಕಷ್ಟ. ಕಾರ್ಯಕ್ರಮದ ಹಿಂದಿನ ದಿನ ಪರಶು ಬಳ್ಳಾರಿಗೇ ಬಂದು, ಅಂಗಡಿಯಿಂದ ನೇರ ಕುರುಗೋಡಿಗೆ ಒಯ್ಯಬೇಕು ಎಂದು ಗೊತ್ತುಮಾಡಿದ.

ಪರಶು ತನ್ನ ಗೂಡ್ಸ್ ಆಟೊ ತಂದ. ಪೆಟ್ಟಿಗೆ ಎತ್ತಿ, "ಅದ ತೂಕ" ಎಂದು ನಕ್ಕ. ವಿಶ್ವಪ್ರಿಯನ ಎದೆ ಹಗುರಾಯಿತು. ಹಗ್ಗ ಬಿಗಿಯುತ್ತ ಪರಶು ಹೇಳಿದ: "ಮಾವ ಸಾಯಾ ಮುಂದ ಒಂದು ಮಾತು ಹೇಳಿದ್ದ ಆಚಾರ್ರ. ಈ ಪೆಟ್ಟಿಗಿ ಕೆಟ್ರ ನಿಮ್ಮ ಕೈಯಾಗ ಮಾತ್ರ ಕೊಡ್ರಿ ಅಂತ. ತೆಕ್ಕಲಕೋಟಿ ಮದುವ್ಯಾಗ ಹಂಗ ಅನಬಾರದಿತ್ತು, ಒಮ್ಮಿ ಹೋಗಿ ಕೈ ಹಿಡಕಬೇಕು ಅಂತಿದ್ದ. ಹೋಗಾಕ ನಾಚಿಕಿ ಅವನಿಗೆ."

ವಿಶ್ವಪ್ರಿಯ ಹಗ್ಗದ ಗಂಟು ನೋಡಿದ. ಇನ್ನೂ ಹೊತ್ತಿತ್ತು. ಒಂದು ಸ್ಕ್ರೂ ಸಡಿಲಾಗಿದೆ, ಇಳಿಸಪ್ಪಾ, ನಾಳೆ ಬೆಳಿಗ್ಗೆ ನಾನೇ ತರುತ್ತೇನೆ ಎಂದಿದ್ದರೆ ಸಾಕಿತ್ತು. ಒಂದು ರಾತ್ರಿ ಕೂತರೆ ಎಲ್ಲ ಮೊದಲಿನ ಜಾಗಕ್ಕೆ ಹೋಗುತ್ತಿತ್ತು. ಬಾಯಿವರೆಗೆ ಬಂತು. ಆದರೆ ಅಂಥ ಕೆಲಸ ಮಾಡಿದವನು ತಾನು ಎಂದು ತನಗಾದರೂ ಒಪ್ಪಿಕೊಳ್ಳಬೇಕಾಗುತ್ತಿತ್ತು. "ಜೋಪಾನ, ತಗ್ಗು ನೋಡಿ ಹೋಗಪ್ಪಾ" ಎಂದಷ್ಟೇ ಅಂದ. ಆಟೊ ಹೋದ ಮೇಲೆ ಬಹಳ ಹೊತ್ತು ಅಂಗಡಿಯ ದೀಪ ಹಾಕಲಿಲ್ಲ.

ಮರುದಿನ ಕುರುಗೋಡಿನ ಕಲ್ಯಾಣ ಮಂಟಪದಲ್ಲಿ ನೂರೈವತ್ತು ಜನ ಸೇರಿದ್ದರು. ಸಂಕ್ರಾಂತಿ ಹತ್ತಿರದ ಚಳಿ, ಮುದುಕರೆಲ್ಲ ಕಿವಿಗೆ ಟವೆಲು ಸುತ್ತಿಕೊಂಡಿದ್ದರು. ನಾಲ್ಕು ಗಂಟೆಗೆ ದೊಡ್ಡಬಸಮ್ಮ ಪೆಟ್ಟಿಗೆಗೆ ವಿಭೂತಿ ಹಚ್ಚಿ, ಹೂವು ಏರಿಸಿ, ಸ್ವಿಚ್ಚು ಹಾಕಿದಳು. ಬಟ್ಟೆಯಲ್ಲಿ ಕಟ್ಟಿದ ಒಂದು ಪಾತ್ರೆಯನ್ನೂ ಮೇಲಿಟ್ಟಳು. ಆ ಪೂಜೆಯನ್ನು ನೋಡಲಾರದೆ ವಿಶ್ವಪ್ರಿಯ ಮುಖ ತಿರುಗಿಸಿ, ಕಲಶವಿರಬೇಕು ಎಂದುಕೊಂಡ. ಅರ್ಧ ನಿಮಿಷ ಬಿಟ್ಟು ಪೆಟ್ಟಿಗೆ ಗುಂಯ್ ಎಂದಿತು. ಹಾಡು ಶುರುವಾಯಿತು. ಕರಿಬಸವನ ಜೊತೆ ಇಪ್ಪತ್ತು ವರ್ಷ ಬೇಸ್ ಬಾರಿಸಿದ ಉಚ್ಚೆಂಗೆಪ್ಪ ಕಣ್ಣು ಮುಚ್ಚಿ ಬಾರಿಸಿದ. ಯಾರಿಗೂ ಒಂದಿಷ್ಟೂ ಅನುಮಾನ ಬರಲಿಲ್ಲ. ಮಧ್ಯದಲ್ಲಿ ವಿಶ್ವಪ್ರಿಯನನ್ನು ಮೇಲೆ ಕರೆದು ಶಾಲು ಹೊದಿಸಿದರು. ಜನ ಚಪ್ಪಾಳೆ ತಟ್ಟಿದರು. ಅಂದು ನಕ್ಕವರಲ್ಲಿ ಒಬ್ಬಿಬ್ಬರು ಅಲ್ಲಿದ್ದಿರಬಹುದು. ಅವನಿಗೆ ಶಾಲಿನ ಕೆಳಗೆ ಬೆನ್ನು ಬೆವರಿತು.

ಒಂಬತ್ತಕ್ಕೆ ಹಾಡು ಮುಗಿದು ಕರಿಬಸವನ ಫೋಟೊದ ಮುಂದೆ ಎಡೆಯ ಎಲೆ ಹಾಸಿದರು. ದೊಡ್ಡಬಸಮ್ಮ ಬಟ್ಟೆಯ ಗಂಟು ಬಿಚ್ಚಿ, ಪಾತ್ರೆಯ ಮುಚ್ಚಳ ತೆಗೆದು ಚಮಚ ಅದ್ದಿದಳು. ಹಾಲು ಹಾಲಾಗಿಯೇ ಚಮಚದಿಂದ ಸುರಿಯಿತು. ಅವಳು ಪಾತ್ರೆಯನ್ನು ಕೆಳಗಿಟ್ಟು, ಆ ದುಂಡಗಿನ ಕಲೆಯ ಮೇಲೆ ಅಂಗೈ ಊರಿ ನೋಡಿದಳು. "ಪರಶು, ಇದು ತಣ್ಣಗೈತಲ್ಲೋ" ಎಂದಳು. ಉಚ್ಚೆಂಗೆಪ್ಪ ಬಂದು ತಾನೂ ಕೈಯಿಟ್ಟ. "ಐದು ತಾಸು ಉರಿದ ವಾಲ್ವಿನ ಪೆಟ್ಟಿಗಿ ಮುಟ್ಟಾಕ ಆಗಬಾರದು" ಎಂದು ವಿಶ್ವಪ್ರಿಯನ ಕಡೆ ತಿರುಗಿದ. ಪರಶು ವಿಶ್ವಪ್ರಿಯನ ಚೀಲದಿಂದಲೇ ಸ್ಕ್ರೂ ಡ್ರೈವರು ತೆಗೆದುಕೊಂಡು ಪೆಟ್ಟಿಗೆಯ ಹಿಂದೆ ಕುಳಿತ. ಮೊದಲನೆಯ ಸ್ಕ್ರೂ ನೆಲಕ್ಕೆ ಬಿದ್ದು ಉರುಳಿತು. ದೊಡ್ಡಬಸಮ್ಮನ ಮುಖದಲ್ಲಿ ಸಿಟ್ಟಿರಲಿಲ್ಲ, ಅವಳಿಗೆ ಇನ್ನೂ ಏನೂ ತಿಳಿದಿರಲಿಲ್ಲ. "ಚಳಿಗಾಲದಾಗ ನಮ್ಮ ಮನಿ ಮೊಸರು ಈ ಪೆಟ್ಟಿಗಿ ಬಿಸಿಗೇ ಹೆಪ್ಪಾಗತಿತ್ತು ಆಚಾರ್ರ, ಅದಕ್ಕ ದಿನಾ ಹಚ್ಚತಿದ್ದೆ" ಎಂದಳು. "ಅವತ್ತ ಹೇಳಾಕ ಬಂದೆ. ನೀವು ಏಕಾದಶಿ ಅಂದ್ರಿ."