ಬಂಡೆಯಾಚೆಯ ಹುಲ್ಲು

ಮಾಘ ಮಾಸದ ಮದುವೆಗಳು ಮುಗಿಯುತ್ತ ಬಂದಿದ್ದವು. ಇಬ್ಬನಿ ಇನ್ನೂ ಆರಿರದ ಬೆಳಗಿನ ಹೊತ್ತು. ಆಂಡರ್ಸನ್‌ಪೇಟೆಯ ಆಂಜಿನಪ್ಪ ತನ್ನ ಬಿಳಿ ಕುದುರೆ ಮೈನಾಳನ್ನು ಟೆಂಪೊಗೆ ಹತ್ತಿಸಿದ. ಓಡಿಸಲು ಕೂತವಳು ಮಗಳು ಶ್ಯಾಮಲ.

ಮದುಮಗನನ್ನು ಹೊತ್ತು ಮೆರವಣಿಗೆ ಹೋಗುವ ಕುದುರೆ ಅದು. ಹೋದ ಮನೆಯಲ್ಲೆಲ್ಲ ಬೆಲ್ಲ ಕಲಸಿದ ಹುರುಳಿಯ ಮರ್ಯಾದೆ. ಮನೆಯಲ್ಲೂ ಅಷ್ಟೆ. ಹೆಂಡತಿ ಅಶ್ವತ್ಥಮ್ಮ ದಿನವೂ ಹುರುಳಿ ಬೇಯಿಸಿ, ಕಟ್ಟು ಬಸಿದು ಸಾರು ಮಾಡುವಳು. ಸಾರು ಮನೆಯವರಿಗೆ, ಕಾಳೆಲ್ಲ ಕುದುರೆಗೆ. ಎರಡು ಸಲ ಮೈನಾ ಹೊಟ್ಟೆನೋವಿನಿಂದ ನೆಲಕ್ಕೆ ಬಿದ್ದು ಹೊರಳಾಡಿತ್ತು.

ದನದ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. “ಕುದುರೆಗೆ ಹುಲ್ಲೇ ಅನ್ನ, ಹುರುಳಿ ಉಪ್ಪಿನಕಾಯಿ. ನೀವು ತಟ್ಟೆ ತುಂಬ ಉಪ್ಪಿನಕಾಯಿ ಇಡ್ತಿದ್ದೀರಿ. ಸದ್ಯಕ್ಕೆ ಕಾಳು ನಿಲ್ಲಿಸಿ. ನಾರಿರೋ ಒಣಹುಲ್ಲು ಹೊಟ್ಟೆ ತುಂಬ ಕೊಡಿ. ಇನ್ನೊಂದು ಸಲ ಬಿದ್ದರೆ ಎಬ್ಬಿಸೋದು ನನ್ನ ಕೈಲಾಗಲ್ಲ.”

ಹುಲ್ಲೆಲ್ಲಿ? ಕೋರಮಂಡಲ್ ಕಡೆ ಚಿನ್ನದ ಗಣಿಯ ವಿಷಮಣ್ಣಿನ ದಿಬ್ಬದ ಧೂಳು ಕೂತ ಗರಿಕೆಗೆ ಯಾರೂ ದನ ಬಿಡುವುದಿಲ್ಲ. ಬೂದಿಕೋಟೆಯಲ್ಲಿ ಸಿಕ್ಕ ಹಿಡಿ ಹುಲ್ಲೂ ಡೇರಿ ಹಸುಗಳ ಪಾಲು. ಕುರಿ ಕಾಯುವ ಕದಿರಪ್ಪನಿಗೆ ಮಾತ್ರ ಒಂದು ಜಾಗ ಗೊತ್ತಿತ್ತು. ಬೆಟ್ಟದಾಚೆಯ ತಗ್ಗು. ಆನೆ ಓಡಾಟ ಶುರುವಾದ ಮೇಲೆ ಅಲ್ಲಿಗೆ ಕುಡುಗೋಲು ಹೋಗಿರಲಿಲ್ಲ.

ಬೂದಿಕೋಟೆಯಲ್ಲಿ ಕದಿರಪ್ಪ ಜೊತೆಯಾದ. ಬೆಟ್ಟದ ಬುಡದಲ್ಲಿ ಟೆಂಪೊ ನಿಂತಿತು. ಮುಂದೆ ಕಾಲುದಾರಿ.

ಎಡಬಲಕ್ಕೆ ಮನೆಯಷ್ಟೆತ್ತರದ ಗುಂಡುಕಲ್ಲುಗಳು, ನಡುವೆ ಸೀಗೆಮೆಳೆ, ಎಲೆ ಉದುರಿದ ಜಾಲಿ. ಬಿಸಿಲೇರಿದಂತೆ ಕಲ್ಲು ಕಾಯತೊಡಗಿತು. ಮೈನಾ ತಲೆ ತಗ್ಗಿಸಿಕೊಂಡೇ ಹತ್ತಿತು. ಆದರೆ ಆಗಾಗ ನಿಂತು ಆಂಜಿನಪ್ಪನ ಹೆಗಲ ಗಂಟಿಗೆ ಮೂತಿ ತಿವಿಯುತ್ತಿತ್ತು.

“ನೈನಾ, ಏನದು ಗಂಟು?” ಅಂತ ಅಪ್ಪನನ್ನು ಕೇಳಿದಳು ಶ್ಯಾಮಲ.

“ರಗ್ಗು ಕಣಮ್ಮ. ರಾತ್ರಿ ಚಳಿ ಆಯ್ತದೆ.”

ಕದಿರಪ್ಪ ಮೂಗೇರಿಸಿದ. “ನಿನ್ ರಗ್ಗು ಬೆಲ್ಲದ ವಾಸ್ನೆ ಒಡೀತದಲ್ಲಣ್ಣ.”

ಆಂಜಿನಪ್ಪ ತನ್ನ ಕಾಲ ಕಡೆ ನೋಡಿದ. “ಬರೀ ಉಲ್ಲು ತಿಂದು ಅದೆಂಗೆ ಬದುಕ್ತದೋ? ನಮ್ಮಪ್ಪನ ಕಾಲದಿಂದ ಕಾಳು ಆಕಿದ ಕೈ ಇದು.”

ಮಾತು ಮುಗಿಯಲಿಲ್ಲ. ಮೆಳೆಯೊಳಗೆ ಕೊಂಬೆ ಮುರಿಯಿತು.

ಒಂಟಿ ಸಲಗ. ಸೊಂಡಿಲು ಮೇಲೆತ್ತಿ ಗಾಳಿಯಲ್ಲಿ ವಾಸನೆ ಹಿಡಿಯಿತು. ಗಾಳಿ ಇವರ ಕಡೆಯಿಂದಲೇ ಬೀಸುತ್ತಿತ್ತು.

“ಬೆಲ್ಲಕ್ಕೆ ಬಂದದೆ,” ಕದಿರಪ್ಪ ಪಿಸುಗುಟ್ಟಿದ. “ಎಸೀ ಗಂಟ್ನ. ಅಳ್ಳಕ್ಕೆ ಎಸಿ.”

ಆಂಜಿನಪ್ಪ ಗಂಟನ್ನು ಎದೆಗವಚಿಕೊಂಡ.

“ನೈನಾ, ನಿಂಗೆ ಕಾಳು ಬೇಕಾ, ಮೈನಾ ಬೇಕಾ?”

ಗಂಟು ಹಾರಿತು. ಇಳಿಜಾರಿನಲ್ಲಿ ಬಿಚ್ಚಿಕೊಂಡು ಹುರುಳಿ ಚೆಲ್ಲಿತು. ಸಲಗ ಅತ್ತ ತಿರುಗಿತು.

ಉಳಿದದ್ದು ಒಂದೇ ದಾರಿ, ಎದುರಿನ ಹಾಸುಬಂಡೆ. ಶ್ಯಾಮಲ ಹಗ್ಗ ಜಗ್ಗಿದಳು. ಮೈನಾ ಹತ್ತಿತು. ಗೊರಸು ಜಾರಿತು. ಮಂಡಿಯೂರಿತು. ಆಂಜಿನಪ್ಪ ಹಿಂದಿನಿಂದ ಹೆಗಲು ಕೊಟ್ಟ. ಆ ಹೆಗಲೀಗ ಖಾಲಿಯಿತ್ತು.

“ಏಳವ್ವ, ಏಳು.”

ಮೈನಾ ಎದ್ದಿತು. ಬಂಡೆ ದಾಟಿತು.

ಆಚೆ ತಗ್ಗಿನ ತುಂಬ ಸೊಂಟದೆತ್ತರದ ಹುಲ್ಲು ಹೊಂಬಣ್ಣಕ್ಕೆ ಮಾಗಿ ನಿಂತಿತ್ತು. ಮೂಲೆಯ ಬಂಡೆಯಲ್ಲೊಂದು ದೊಣೆ, ಅದರಲ್ಲಿ ತಿಳಿನೀರು. ಮೈನಾ ಮೊದಲು ಬರೀ ಮೂಸಿತು. ಆಮೇಲೆ ಒಂದು ಬಾಯಿ, ಇನ್ನೊಂದು ಬಾಯಿ. ಅವಸರವಿಲ್ಲದೆ ಅಗಿಯುವ ಆ ಸದ್ದನ್ನು ಆಂಜಿನಪ್ಪ ಮಧ್ಯಾಹ್ನವೆಲ್ಲ ಕೇಳುತ್ತ ಕೂತ. ಸಂಜೆಗೆ ಲದ್ದಿ ಬಿತ್ತು. ಅವನು ಕೈಯಲ್ಲೇ ಮುರಿದು ನೋಡಿದ. ಬರೀ ನಾರು, ಒಂದು ಇಡೀ ಕಾಳೂ ಇಲ್ಲ.

“ನೋಡ್ಲಾ ಕದಿರಪ್ಪ,” ಅಂದ, ಚಿನ್ನ ಸಿಕ್ಕವನ ಹಾಗೆ.

“ನೀನೇ ನೋಡ್ಕೊ ಮಾರಾಯ,” ಅಂದ ಕದಿರಪ್ಪ.

ಕೆಲವು ದಿನ ಅಲ್ಲೇ ಬೀಡುಬಿಟ್ಟರು. ರಾತ್ರಿ ಬಂಡೆಯ ಮೇಲೆ ಬೆಂಕಿ ಹಾಕಿ ಕಾವಲಿದ್ದರು, ಹುಲ್ಲು ಕೊಯ್ದರು, ಹೊರೆ ಕಟ್ಟಿದರು. ಸಲಗ ಮತ್ತೆ ಬರಲಿಲ್ಲ. ಬೆಟ್ಟದ ಕೆಳಗಿನ ಕೆರೆಯಂಚಿನ ದೂರದ ಬಳಸುದಾರಿಯಲ್ಲಿ ಹೊರೆ ಹೊತ್ತಿಳಿದು, ಭಾನುವಾರ ಟೆಂಪೊ ತುಂಬ ಹುಲ್ಲಿನೊಡನೆ ಆಂಡರ್ಸನ್‌ಪೇಟೆ ಸೇರಿದರು. ಮೈನಾ ತಾನೇ ಹಲಗೆಯಿಂದ ಇಳಿದು ಲಾಯಕ್ಕೆ ನಡೆಯಿತು.

ಡಾಕ್ಟರಮ್ಮ ಹೊಟ್ಟೆಗೆ ಕಿವಿಯಿಟ್ಟು ಕೇಳಿದರು. ಇನ್ನು ಹುಲ್ಲಿನ ಜೊತೆ ಹಿಡಿ ಕಾಳು ಕೊಡಬಹುದು ಅಂದರು. ಆಂಜಿನಪ್ಪ ಒಂದೇ ಹಿಡಿ ಅಳೆದು ಹೆಂಡತಿಗೆ ಕೊಟ್ಟ.

ಅಶ್ವತ್ಥಮ್ಮ ಆ ಹಿಡಿಯನ್ನು ನೋಡಿದಳು. “ಇಷ್ಟ್ರಾಗೆ ಸಾರು ಎಂಗಾಯ್ತದೆ?”

“ತೆಳ್ಳಗಾಯ್ತದೆ. ಉಣ್ಣಾನ.”

ಆ ರಾತ್ರಿ ತೆಳ್ಳನೆ ಸಾರನ್ನು ಎಲ್ಲರೂ ಎರಡು ಸಲ ಹಾಕಿಸಿಕೊಂಡು ಉಂಡರು. ಹುಲ್ಲು ಮುಗಿಯುವ ಮೊದಲೇ ಬನ್ನಿ, ಮತ್ತೆ ಜೊತೆಗೆ ಬೆಟ್ಟ ಹತ್ತೋಣ ಎಂದು ಹೇಳಿ, ಸೋಮವಾರ ಬೆಳಗಿನ ಬಸ್ಸಿಗೆ ಕದಿರಪ್ಪ ಬೂದಿಕೋಟೆಗೆ ಹೊರಟ.